ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ರಕ್ತನಾಳಕ್ಕೆ ಕೊಡುವ ದ್ರವಗಳು

ಬಂಧುಬಳಗದಲ್ಲಿ ಯಾರಿಗಾದರೂ ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಅವರನ್ನು ನೋಡಲು ಆಸ್ಪತ್ರೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಮಂಚದ ಬಳಿಯ ಕಂಬಿಗೆ ತೂಗಹಾಕಿರುವ ದ್ರವದ ಬಾಟಲಿ. "ಎಷ್ಟು ಬಾಟಲಿ ಗ್ಲೂಕೋಸ್ ಹಾಕಿದರು?" ಎಂದು ಬಂದವರೆಲ್ಲರೂ ವಿಚಾರಿಸುತ್ತಾರೆ. ಹೆಚ್ಚು ಹಾಕಿದ್ದರೆ ಹೆಚ್ಚು ಉಪಚಾರ ನಡೆಯಿತೆಂದೂ, ಕಡಮೆ ಹಾಕಿದ್ದರೆ ಡಾಕ್ಟರರು ಅಲಕ್ಷ್ಯ ಮಾಡಿದರೆಂದೂ ಎಣಿಸುವವರು ಅನೇಕರು. ಬಾಟಲಿಯೊಳಗಿನ ದ್ರವವು ನೀರಿನಂತೆಯೇ ತಿಳಿಯಾಗಿ ಕಾಣುವುದರಿಂದ ಅದರಲ್ಲಿ ಜಾತಿಭೇದಗಳುಂಟೆಂದಾಗಲಿ, ಅದರಿಂದ ಕೇಡೂ ಆಗಬಹುದೆಂದಾಗಲಿ ಸಾಮಾನ್ಯರಿಗೆ ತೋರುವುದಿಲ್ಲ. ವಾಸ್ತವವಾಗಿ ಅದೂ ಒಂದು ಔಷಧವೇ. ಉಳಿದ ಔಷಧಗಳಿಗೆ ಬಗೆ, ಪ್ರಮಾಣ, ಕಾಲ ಎಂಬ ಮೂರು ನಿಯಮಗಳಿರುವಂತೆ ಇದಕ್ಕೂ ಇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿರುವವರಿಗೆ ಇದು ಹೊಸ ವಿಷಯವಲ್ಲ; ಮನೆವಾರ್ತೆಯನ್ನು ನೋಡಿಕೊಳ್ಳುತ್ತಿರುವ ಸಹೋದರಿಯರಿಗೂ ಮಕ್ಕಳ ತಂದೆತಾಯಿಗಳಿಗೂ ಅದನ್ನು ಆದಷ್ಟು ತಿಳಿಯಾಗಿ ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ದೇಹದಲ್ಲಿರುವ ನೀರು

ಮನುಷ್ಯ ಶರೀರದ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ನೀರು. ೬೦ ಕಿಲೋಗ್ರಾಂ ತೂಗುವ ಗಂಡಸಿನಲ್ಲಿ ಸುಮಾರು ೩೬ ಲೀಟರು ನೀರಿರುತ್ತದೆ. ಸ್ತ್ರೀಯರ ದೇಹದಲ್ಲಿ ಕೊಬ್ಬಿನ ಅಂಶ ಹೆಚ್ಚಾದುದರಿಂದ ಅವರಲ್ಲಿ ತೂಕದ ಅರ್ಧದಷ್ಟು ಮಾತ್ರ ಇರುತ್ತದೆ. ಈ ನೀರು ಒಂದೇ ಕಡೆ ನಿಂತಿರುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಒಳಕೋಣೆ, ನಡುಮನೆ, ಜಗಲಿ ಎಂಬ ಮೂರು ಭಾಗಗಳಿರುವಂತೆ ಶರೀರದಲ್ಲಿಯೂ ನೀರಿಗೆ ಮೂರು ನೆಲೆಗಳುಂಟು. ೩೬ ಲೀಟರಿನಲ್ಲಿ ೨೪ ಲೀಟರು ಜೀವಕೋಶಗಳೊಳಗೆ, ಅಂದರೆ ಒಳಕೋಣೆಯಲ್ಲಿ ಇದೆ. ೯ ಲೀಟರು ಜೀವಕೋಶಗಳ ನಡುವಣ ಸಂದುಗಳೆಂಬ ನಡುಮನೆಯಲ್ಲಿದೆ. ಉಳಿದ ೩ ಲೀಟರು ಮಾತ್ರ ರಕ್ತನಾಳಗಳಲ್ಲಿ, ಪ್ಲಾಸ್ಮವೆಂಬ ರಕ್ತದ ದ್ರವಭಾಗವಾಗಿ ಹರಿಯುತ್ತದೆ; ಇದೇ ಜಗಲಿ.

ವೈದ್ಯರು ಬಾಟಲಿಯಿಂದ ಕೊಡುವ ದ್ರವವು ಮೊದಲು ಜಗಲಿಗೆ ಬೀಳುತ್ತದೆ. ಅಲ್ಲಿಂದ ಅದು ಎಲ್ಲಿಗೆ ಹೋಗುವುದೆಂಬುದು ಅದರಲ್ಲಿ ಕರಗಿರುವ ವಸ್ತುವನ್ನು ಅನುಸರಿಸಿದೆ. ಬರಿಯ ನೀರಿಗೆ ಎಲ್ಲಾ ಬಾಗಿಲುಗಳೂ ತೆರೆದಿವೆ. ಅದು ಮೂರು ನೆಲೆಗಳಿಗೂ ಹರಡಿಹೋಗುತ್ತದೆ. ಉಪ್ಪು ಬೆರೆತ ನೀರು ಜಗಲಿ ನಡುಮನೆಗಳಲ್ಲಿ ಸಂಚರಿಸಬಲ್ಲುದು. ಒಳಕೋಣೆಯ ಬಾಗಿಲು ಅದಕ್ಕೆ ಮುಚ್ಚಿದೆ. ಪ್ರೋಟೀನಿನಂತಹ ದೊಡ್ಡ ಕಣಗಳುಳ್ಳ ದ್ರವವು ಹೆಚ್ಚು ಹೊತ್ತು ಜಗಲಿಯಲ್ಲಿಯೇ ನಿಲ್ಲುತ್ತದೆ. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲವೂ ಸುಲಭವಾಗಿ ತಿಳಿಯುವುದು.

ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಜಗಲಿಯ ನೀರು ಹಲವು ವಿಧದಲ್ಲಿ ಕಡಮೆಯಾಗುತ್ತದೆ. ರಕ್ತ ಸುರಿಯುತ್ತದೆ, ತೆರೆದ ಹೊಟ್ಟೆಯಿಂದ ನೀರು ಆವಿಯಾಗುತ್ತದೆ, ಗಾಯದ ಸುತ್ತಲಿನ ಮಾಂಸವು ಊದಿಕೊಂಡು ನೀರನ್ನು ಹೀರುತ್ತದೆ. ಇದಲ್ಲದೆ ಅರಿವಳಿಕೆಯ ಔಷಧಗಳಿಂದ ರಕ್ತನಾಳಗಳು ಸಡಿಲಗೊಂಡು ಹಿಗ್ಗುವುದರಿಂದ, ರಕ್ತವು ಇದ್ದಷ್ಟೇ ಇದ್ದರೂ ರಕ್ತದ ಒತ್ತಡವು ಇಳಿಯುತ್ತದೆ. ಒತ್ತಡ ತೀರ ಇಳಿದರೆ ಮೂತ್ರಪಿಂಡ, ಹೃದಯ, ಮೆದುಳುಗಳಿಗೆ ಪ್ರಾಣವಾಯು ಸಾಲದೆ ಅಪಾಯವಾಗುವುದು. ಆದುದರಿಂದಲೇ ದ್ರವವನ್ನು ಕೊಡಬೇಕಾಗುತ್ತದೆ.

ಈ ಚಿಕಿತ್ಸೆಯ ಪೂರ್ವಚರಿತ್ರೆ

ರಕ್ತನಾಳಕ್ಕೆ ಉಪ್ಪುನೀರನ್ನು ಕೊಡುವ ಪದ್ಧತಿಯು ಮೊದಲು ಹುಟ್ಟಿದ್ದು ಶಸ್ತ್ರಚಿಕಿತ್ಸೆಗಾಗಿ ಅಲ್ಲ, ಕಾಲರಾ ರೋಗಕ್ಕಾಗಿ. ೧೮೩೧ರಲ್ಲಿ ಆ ಮಹಾಮಾರಿಯು ಇಂಗ್ಲೆಂಡಿಗೆ ಕಾಲಿಟ್ಟಾಗ ವಿಲಿಯಂ ಓಷಾನೆಸ್ಸಿ ಎಂಬ ಯುವಕ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಬಹಳವಾಗಿ ಕುಂದಿರುವುದನ್ನು ಕಂಡುಹಿಡಿದನು. ಈತನೇ ಮುಂದೆ ಕಲ್ಕತ್ತೆಗೆ ಬಂದು, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ, ಇಂಡಿಯಾ ದೇಶದಲ್ಲಿ ತಂತಿಟಪಾಲನ್ನು ಸ್ಥಾಪಿಸಿದ ಮಹನೀಯನು. ಅವನ ಪರೀಕ್ಷೆಯನ್ನು ಓದಿದ ಥಾಮಸ್ ಲಟ್ಟಾ ಎಂಬ ವೈದ್ಯನು ೧೮೩೨ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಆರು ಪಿಂಟು ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟನು. ನಿಂತುಹೋಗಿದ್ದ ನಾಡಿಯು ಮತ್ತೆ ಹೊಡೆಯಿತು. ತಣ್ಣಗಾಗಿದ್ದ ಕೈಕಾಲುಗಳು ಬೆಚ್ಚಗಾದುವು. ಆಕೆ ಗುಣಮುಖಳಾದಳೆಂದು ಲಟ್ಟಾ ಅಲ್ಲಿಂದ ಹೊರಟುಹೋದನು. ಆದರೆ ವಾಂತಿಭೇದಿಗಳು ಮರಳಿ ಬಂದುವು. ಕಳೆದ ನೀರನ್ನು ಮತ್ತೆ ತುಂಬುವವರಿಲ್ಲದೆ ಐದೂವರೆ ಗಂಟೆಗಳೊಳಗೆ ಆಕೆ ತೀರಿಕೊಂಡಳು. ದ್ರವವನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ, ನಷ್ಟವು ನಡೆಯುತ್ತಿರುವವರೆಗೂ ಪಕ್ಕದಲ್ಲಿದ್ದು ನೋಡಿಕೊಳ್ಳಬೇಕೆಂಬ ಪಾಠವು ಆ ಮೊದಲ ದಿನವೇ ದೊರೆಯಿತು.

ಆಮೇಲೆ ಐವತ್ತು ವರ್ಷಗಳ ತರುವಾಯ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬಾತನು, ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದು ಎಷ್ಟು ಹೊತ್ತು ಮಿಡಿಯುವುದೆಂದು ಪರೀಕ್ಷಿಸುತ್ತಿದ್ದನು. ಹೃದಯವು ಚೆನ್ನಾಗಿ ಮಿಡಿಯುತ್ತಿದ್ದುದನ್ನು ನೋಡಿ ಉಪ್ಪುನೀರೇ ಸಾಕೆಂದು ೧೮೮೨ರಲ್ಲಿ ಬರೆದನು. ಬಳಿಕ ವಿಚಾರಿಸಲು, ದ್ರಾವಣವನ್ನು ತಯಾರಿಸಿದವನು ಬಟ್ಟಿಯಿಳಿಸಿದ ನೀರಿಗೆ ಬದಲಾಗಿ ನಲ್ಲಿಯ ನೀರನ್ನು ಉಪಯೋಗಿಸಿದ್ದನೆಂದು ತಿಳಿಯಿತು! ಆ ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಹೃದಯವನ್ನು ಮಿಡಿಸುತ್ತಿತ್ತು. ರಿಂಗರನು ೧೮೮೩ರಲ್ಲಿ ಇದನ್ನು ತಿದ್ದಿ ಪ್ರಕಟಿಸಿದನು. ಹೀಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರೂ ಕೂಡಿದ ದ್ರಾವಣವು ಹುಟ್ಟಿತು. ೧೯೩೨ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯನಾದ ಅಲೆಕ್ಸಿಸ್ ಹಾರ್ಟ್‌ಮನ್ನನು, ಭೇದಿಯಿಂದ ರಕ್ತದಲ್ಲಿ ಆಮ್ಲವೇರಿದ ಶಿಶುಗಳಿಗಾಗಿ ಅದಕ್ಕೆ ಲ್ಯಾಕ್ಟೇಟನ್ನು ಸೇರಿಸಿದನು. ಲ್ಯಾಕ್ಟೇಟು ಯಕೃತ್ತಿನಲ್ಲಿ ಮಾರ್ಪಟ್ಟು ಆಮ್ಲವನ್ನು ತಗ್ಗಿಸುತ್ತದೆ. ಇಂದು ಆಸ್ಪತ್ರೆಗಳಲ್ಲಿ ದಾದಿಯರು "ಆರ್.ಎಲ್." ಎಂದು ಕರೆಯುವ ರಿಂಗರ್ ಲ್ಯಾಕ್ಟೇಟು ಇದೇ.

ಈ ಚರಿತ್ರೆಯಲ್ಲಿ ಒಬ್ಬ ಮಹಿಳೆಯ ಹೆಸರನ್ನು ನಮ್ಮ ಹುಡುಗಿಯರು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು. ಮೊದಮೊದಲು ರಕ್ತನಾಳಕ್ಕೆ ದ್ರವ ಕೊಟ್ಟವರಲ್ಲಿ ಅನೇಕರಿಗೆ ಕಾರಣ ತಿಳಿಯದಂತೆ ಚಳಿಯೂ ಜ್ವರವೂ ಬರುತ್ತಿದ್ದುವು. ಬಟ್ಟಿಯಿಳಿಸಿ ಕಾಯಿಸಿದ ನೀರಿನಿಂದಲೂ ಹೀಗಾಗುತ್ತಿತ್ತು. ಫ್ಲಾರೆನ್ಸ್ ಸೀಬರ್ಟ್ ಎಂಬಾಕೆ ಮೂರನೆಯ ವಯಸ್ಸಿನಲ್ಲಿಯೇ ಪೋಲಿಯೋ ರೋಗಕ್ಕೆ ತುತ್ತಾಗಿ ಕಾಲುಗಳ ಬಲವನ್ನು ಕಳೆದುಕೊಂಡವಳು. ಆದರೂ ಧೈರ್ಯಗುಂದದೆ ವಿದ್ಯೆಯನ್ನು ಮುಂದುವರಿಸಿ, ಯೇಲ್ ವಿಶ್ವವಿದ್ಯಾಲಯದಲ್ಲಿ ೧೯೨೩ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ನೀರನ್ನು ಕಾಯಿಸಿದಾಗ ಸೂಕ್ಷ್ಮಜೀವಿಗಳು ಸತ್ತರೂ ಅವು ಬಿಟ್ಟ ವಿಷವು ಉಳಿಯುತ್ತದೆ, ಬಟ್ಟಿಯಿಳಿಸುವಾಗ ಚಿಮ್ಮುವ ಸಣ್ಣ ಹನಿಗಳೊಡನೆ ಅದು ಶುದ್ಧ ನೀರಿಗೂ ಸೇರಿಕೊಳ್ಳುತ್ತದೆ ಎಂಬುದನ್ನು ಆಕೆ ತೋರಿಸಿದಳು. ಆ ಹನಿಗಳನ್ನು ತಡೆಯುವ ಒಂದು ಸಲಕರಣೆಯನ್ನೂ ನಿರ್ಮಿಸಿದಳು. ಇಂದು ಬಾಟಲಿಯ ದ್ರವವನ್ನು ಜ್ವರದ ಭಯವಿಲ್ಲದೆ ಕೊಡಲು ಸಾಧ್ಯವಾಗಿರುವುದಕ್ಕೆ ಆಕೆಯ ಪರಿಶ್ರಮವೇ ಬಹುಮಟ್ಟಿಗೆ ಕಾರಣ.

ದ್ರವಗಳ ಭೇದಗಳು

ಮೊದಲನೆಯದು ಗ್ಲೂಕೋಸ್ ನೀರು. ನೂರಕ್ಕೆ ಐದು ಪಾಲು ಸಕ್ಕರೆಯಿರುವ ಈ ದ್ರವದ ಮೇಲೆ ನಮ್ಮ ಜನರಿಗೆ ಬಹಳ ನಂಬಿಕೆ. ಶಕ್ತಿ ಬರಲೆಂದು ಕೇಳಿ ಹಾಕಿಸಿಕೊಳ್ಳುವವರೂ ಉಂಟು. ಆದರೆ ಒಂದು ಲೀಟರಿನಲ್ಲಿರುವುದು ೫೦ ಗ್ರಾಂ ಸಕ್ಕರೆ. ಅದರಿಂದ ದೊರೆಯುವುದು ೨೦೦ ಕ್ಯಾಲೊರಿಗೆ ಮೀರದು. ಮೂರು ನಾಲ್ಕು ಇಡ್ಲಿಗಳನ್ನು ತಿಂದರೆ ಅಷ್ಟು ಶಕ್ತಿ ಬರುತ್ತದೆ. ದೇಹವು ಆ ಸಕ್ಕರೆಯನ್ನು ಬೇಗನೆ ಉಪಯೋಗಿಸಿಕೊಂಡುಬಿಡುವುದರಿಂದ ಉಳಿಯುವುದು ಬರಿಯ ನೀರು. ಅದು ಮೂರು ನೆಲೆಗಳಿಗೂ ಹರಡಿ, ಒಂದು ಲೀಟರಿನಲ್ಲಿ ನೂರು ಮಿಲಿಲೀಟರು ಕೂಡ ರಕ್ತನಾಳದಲ್ಲಿ ನಿಲ್ಲದು. ರಕ್ತ ಹೋದವರಿಗೆ ಇದರಿಂದ ಪ್ರಯೋಜನವಿಲ್ಲ.

ಪ್ರಯೋಜನವಿಲ್ಲದಿರುವುದಷ್ಟೇ ಅಲ್ಲ, ಅಪಾಯವೂ ಉಂಟು. ಶಸ್ತ್ರಚಿಕಿತ್ಸೆಯ ನೋವಿನಿಂದಲೂ ಆಯಾಸದಿಂದಲೂ ದೇಹವು ಮೂತ್ರವನ್ನು ತಡೆದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಉಪ್ಪಿಲ್ಲದ ನೀರನ್ನು ಹೆಚ್ಚಾಗಿ ಕೊಟ್ಟರೆ ರಕ್ತದ ಸೋಡಿಯಂ ಕುಸಿದು, ನೀರು ಮೆದುಳಿನ ಜೀವಕೋಶಗಳೊಳಕ್ಕೆ ನುಗ್ಗುತ್ತದೆ. ಮೆದುಳು ಊದುತ್ತದೆ, ಬಿಗಿಯಾದ ತಲೆಬುರುಡೆಯಲ್ಲಿ ಅದಕ್ಕೆ ಎಡೆಯಿಲ್ಲ. ೧೯೮೬ರಲ್ಲಿ ಅಮೆರಿಕದ ವೈದ್ಯರಾದ ಅಲೆನ್ ಆರೀಫ್ ಎಂಬವರು, ಮೊದಲು ಆರೋಗ್ಯವಾಗಿದ್ದು, ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡ ಬಳಿಕ ಈ ಕಾರಣದಿಂದ ಸೆಳವು ಬಂದು ಉಸಿರು ನಿಂತ ೧೫ ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದರು. ಕೆಲವರು ತೀರಿಕೊಂಡರು, ಉಳಿದವರ ಮೆದುಳಿಗೆ ಶಾಶ್ವತವಾದ ಹಾನಿಯಾಯಿತು. ಮುಟ್ಟು ನಿಲ್ಲದ ವಯಸ್ಸಿನ ಸ್ತ್ರೀಯರಿಗೂ ಮಕ್ಕಳಿಗೂ ಈ ಅಪಾಯವು ಹೆಚ್ಚೆಂದು ಮುಂದಿನ ಪರಿಶೀಲನೆಗಳು ತೋರಿಸಿದುವು. ಆದುದರಿಂದ ಮಕ್ಕಳಿಗೂ ಈಗ ರಕ್ತದ ಸೋಡಿಯಮ್ಮಿಗೆ ಸಮನಾದ ಉಪ್ಪುಳ್ಳ ದ್ರವವನ್ನೇ ಕೊಡುತ್ತಾರೆ. ರಕ್ತದ ಸಕ್ಕರೆ ಇಳಿಯುವ ಭಯವಿರುವ ಎಳೆಯ ಶಿಶುಗಳು, ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಮುಂತಾದವರಿಗೆ ಮಾತ್ರ ಗ್ಲೂಕೋಸನ್ನು ಅಳತೆಯಿಂದ ಸೇರಿಸುತ್ತಾರೆ.

ಎರಡನೆಯದು ಉಪ್ಪುನೀರು, ಅಂದರೆ ನಾರ್ಮಲ್ ಸಲೈನ್. ಲೀಟರಿಗೆ ೯ ಗ್ರಾಂ ಉಪ್ಪು. ಲೀಟರೊಂದಕ್ಕೆ ಸುಮಾರು ಕಾಲುಭಾಗ ರಕ್ತನಾಳದಲ್ಲಿ ನಿಂತು, ಉಳಿದುದು ನಡುಮನೆಗೆ ಹೋಗುತ್ತದೆ. ನಾರ್ಮಲ್ ಎಂಬ ಹೆಸರಿದ್ದರೂ ಅದು ರಕ್ತಕ್ಕೆ ಸಮನಾದುದಲ್ಲ. ಆರೋಗ್ಯವಂತರ ಪ್ಲಾಸ್ಮದಲ್ಲಿ ಲೀಟರಿಗೆ ಸುಮಾರು ೧೦೦ ಮಿಲಿಮೋಲ್ ಕ್ಲೋರೈಡಿದ್ದರೆ ಇದರಲ್ಲಿ ೧೫೪ ಇದೆ. ೨೦೧೨ರಲ್ಲಿ ಇಂಗ್ಲೆಂಡಿನ ನಾಟಿಂಗಂನಲ್ಲಿ ೧೨ ಮಂದಿ ಆರೋಗ್ಯವಂತರಿಗೆ ಎರಡೆರಡು ಲೀಟರು ಕೊಟ್ಟು ಪರೀಕ್ಷಿಸಿದಾಗ, ಉಪ್ಪುನೀರಿನಿಂದ ಮೂತ್ರಪಿಂಡಗಳಿಗೆ ಹರಿಯುವ ರಕ್ತವು ಕಡಮೆಯಾಯಿತು. ಹೆಚ್ಚಾಗಿ ಕೊಟ್ಟರೆ ರಕ್ತದಲ್ಲಿ ಆಮ್ಲವೂ ಏರುತ್ತದೆ.

ಮೂರನೆಯದು ರಿಂಗರ್ ಲ್ಯಾಕ್ಟೇಟಿನಂತಹ ಸಮತೋಲ ದ್ರವಗಳು. ರಿಂಗರ್ ಲ್ಯಾಕ್ಟೇಟಿನಲ್ಲಿ ಕ್ಲೋರೈಡು ಸುಮಾರು ೧೧೦. ಅಮೆರಿಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ ೧೫,೮೦೨ ಮಂದಿ ತೀವ್ರ ರೋಗಿಗಳಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮರಣ, ಮೂತ್ರಪಿಂಡದ ಗಂಭೀರ ಹಾನಿ ಮುಂತಾದುವು ಉಪ್ಪುನೀರಿನವರಲ್ಲಿ ನೂರಕ್ಕೆ ೧೫.೪ ಮಂದಿಗೂ, ಸಮತೋಲ ದ್ರವದವರಲ್ಲಿ ೧೪.೩ ಮಂದಿಗೂ ಆದುವು. ಬ್ರೆಜಿಲಿನಲ್ಲಿ ೨೦೨೧ರಲ್ಲಿಯೂ, ಆಸ್ಟ್ರೇಲಿಯ ನ್ಯೂಜಿಲೆಂಡುಗಳಲ್ಲಿ ೨೦೨೨ರಲ್ಲಿಯೂ ಪ್ರಕಟವಾದ ಪರೀಕ್ಷೆಗಳಲ್ಲಿ ಮರಣದ ವಿಷಯದಲ್ಲಿ ಸ್ಪಷ್ಟವಾದ ಅಂತರ ಕಾಣಲಿಲ್ಲ. ಆದರೆ ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡ ಸುಮಾರು ೮೦೦ ಮಂದಿಯಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಸ ಮೂತ್ರಪಿಂಡವು ಕೆಲಸಕ್ಕೆ ತೊಡಗಲು ತಡವಾದದ್ದು ಉಪ್ಪುನೀರಿನವರಲ್ಲಿ ನೂರಕ್ಕೆ ೪೦, ಸಮತೋಲ ದ್ರವದವರಲ್ಲಿ ೩೦. ಈ ಕಾರಣಗಳಿಂದ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಸಾಮಾನ್ಯವಾಗಿ ಸಮತೋಲ ದ್ರವವನ್ನೇ ಮೊದಲು ಆರಿಸುತ್ತಾರೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಮಾತ್ರ, ರಿಂಗರ್ ಲ್ಯಾಕ್ಟೇಟು ರಕ್ತಕ್ಕಿಂತ ಸ್ವಲ್ಪ ತೆಳುವಾದುದರಿಂದ, ಉಪ್ಪುನೀರೇ ಮೇಲು. ಬಹಳವಾಗಿ ವಾಂತಿಯಾಗಿ ಹೊಟ್ಟೆಯ ಆಮ್ಲವನ್ನು ಕಳೆದುಕೊಂಡವರಿಗೂ ಕ್ಲೋರೈಡು ಬೇಕಾದುದರಿಂದ ಉಪ್ಪುನೀರೇ ತಕ್ಕದ್ದು. ರೋಗಿಯು ಏನನ್ನು ಕಳೆದುಕೊಂಡಿರುವನೋ ಅದನ್ನೇ ತುಂಬಬೇಕೆಂಬುದು ಇದರ ತಾತ್ಪರ್ಯ.

ನಾಲ್ಕನೆಯದು ದೊಡ್ಡ ಕಣಗಳುಳ್ಳ ದ್ರವಗಳು. ಜಗಲಿಯಲ್ಲಿಯೇ ನಿಲ್ಲುವುದರಿಂದ ಸ್ವಲ್ಪದರಲ್ಲಿಯೇ ಕೆಲಸವಾಗುವುದೆಂದು ಇವುಗಳ ಮೇಲೆ ಬಹಳ ಆಸೆಯಿತ್ತು. ಪಿಷ್ಟದಿಂದ ತಯಾರಿಸಿದ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬುದನ್ನು ಅನೇಕ ವರ್ಷಗಳ ಕಾಲ ಧಾರಾಳವಾಗಿ ಕೊಟ್ಟರು. ೨೦೧೨ರಲ್ಲಿ ಉತ್ತರ ಯೂರೋಪಿನ ದೇಶಗಳಲ್ಲಿ ನಂಜೇರಿದ ರೋಗಿಗಳ ಮೇಲೆ ನಡೆದ ಪರೀಕ್ಷೆಯು, ಅದನ್ನು ಪಡೆದವರಲ್ಲಿ ಮರಣವು ನೂರಕ್ಕೆ ೪೩ರಿಂದ ೫೧ಕ್ಕೆ ಏರಿದುದನ್ನು ತೋರಿಸಿತು. ೨೦೨೨ರಲ್ಲಿ ಯೂರೋಪಿಯನ್ ಒಕ್ಕೂಟವು ಅದರ ಮಾರಾಟವನ್ನು ನಿಲ್ಲಿಸಲು ತೀರ್ಮಾನಿಸಿತು. ಮನುಷ್ಯರ ರಕ್ತದಿಂದ ತೆಗೆದ ಆಲ್ಬುಮಿನ್ ಅಷ್ಟು ಅಪಾಯಕರವಲ್ಲ. ಆದರೆ ಸುಮಾರು ೭೦೦೦ ಮಂದಿ ತೀವ್ರ ರೋಗಿಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೆಲೆಬಾಳುವ ಆ ದ್ರವವು ಅಗ್ಗದ ಉಪ್ಪುನೀರಿಗಿಂತ ಹೆಚ್ಚು ಪ್ರಾಣಗಳನ್ನು ಉಳಿಸಲಿಲ್ಲ. ಬೆಲೆ ಹೆಚ್ಚಾದುದೇ ಉತ್ತಮವೆಂಬ ಭಾವನೆ ಇಲ್ಲಿಯೂ ಸಲ್ಲದು.

ಇವೆಲ್ಲಕ್ಕೂ ಬೇರೆಯಾದುದು ರಕ್ತ. ಪ್ರಾಣವಾಯುವನ್ನು ಹೊರುವ ಶಕ್ತಿ ಯಾವ ಬಾಟಲಿಯ ನೀರಿಗೂ ಇಲ್ಲ. ಹಿಂದೆ ಹಿಮೊಗ್ಲೋಬಿನ್ ೧೦ಕ್ಕಿಂತ ಇಳಿದರೆ ರಕ್ತ ಕೊಡುತ್ತಿದ್ದರು. ಈಗ ರೋಗಿಯು ಸ್ಥಿರವಾಗಿದ್ದರೆ ಬಹುಮಂದಿಯಲ್ಲಿ ೭ ಅಥವಾ ೮ರವರೆಗೆ ಕಾಯುತ್ತಾರೆ. ರಕ್ತವು ಧಾರೆಯಾಗಿ ಹೋಗುತ್ತಿರುವಾಗಲಾದರೋ ಕಾಯದೆ ಕೆಂಪುಕಣ, ಪ್ಲಾಸ್ಮ, ಹೆಪ್ಪುಕಟ್ಟಿಸುವ ಪ್ಲೇಟ್‌ಲೆಟ್ ಮೂರನ್ನೂ ಒಟ್ಟಿಗೆ ಕೊಡಬೇಕು. ಬರಿಯ ನೀರನ್ನೇ ಸುರಿಯುತ್ತಿದ್ದರೆ ಉಳಿದ ರಕ್ತವು ತೆಳುವಾಗಿ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುವುದು.

ಪ್ರಮಾಣ

ಯಾವ ದ್ರವವೆಂಬುದಕ್ಕಿಂತಲೂ ಎಷ್ಟೆಂಬ ಪ್ರಶ್ನೆಯೇ ಹೆಚ್ಚು ಕಷ್ಟವಾದುದು. ೧೯೬೧ರಲ್ಲಿ ಅಮೆರಿಕದ ಟಾಮ್ ಷೈರ್ಸ್ ಎಂಬ ಶಸ್ತ್ರವೈದ್ಯರು, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕಣ್ಣಿಗೆ ಕಾಣದ ಒಂದು ಮೂರನೆಯ ಎಡೆಗೆ ನೀರು ಸೇರಿಹೋಗುವುದೆಂದೂ ಅದನ್ನು ತುಂಬಬೇಕೆಂದೂ ಪ್ರತಿಪಾದಿಸಿದರು. ಆಮೇಲೆ ಎಲ್ಲೆಡೆಯಲ್ಲಿಯೂ ದ್ರವವನ್ನು ಧಾರಾಳವಾಗಿ ಸುರಿಯತೊಡಗಿದರು. ಬಾಸ್ಟನ್ನಿನ ಫ್ರಾನ್ಸಿಸ್ ಮೂರ್ ಎಂಬವರು ಇದನ್ನು ಒಪ್ಪಲಿಲ್ಲ. ಕೊನೆಗೆ ೧೯೬೭ರಲ್ಲಿ ಈ ಇಬ್ಬರೂ ಕೂಡಿ ಒಂದು ಚಿಕ್ಕ ಲೇಖನವನ್ನು ಬರೆದು, ಅತಿಯಾಗಿ ಕೊಡುವುದು ತಮ್ಮಿಬ್ಬರ ಅಭಿಪ್ರಾಯವೂ ಅಲ್ಲವೆಂದು ಸಾರಿದರು. ಆ ಲೇಖನದ ಶಿರೋನಾಮೆ "ಮಿತ" ಎಂಬ ಒಂದೇ ಮಾತು. ಆದರೂ ಆ ಮಾತಿಗೆ ಕಿವಿಗೊಟ್ಟವರು ಕಡಮೆ. ದೊಡ್ಡ ಶಸ್ತ್ರಚಿಕಿತ್ಸೆಯಾದವರ ತೂಕವು ಬರಿಯ ನೀರಿನಿಂದಲೇ ಮೂರು ನಾಲ್ಕು ಕಿಲೋಗ್ರಾಂ ಹೆಚ್ಚುವುದು ಸಾಮಾನ್ಯವಾಯಿತು. ಮೈಯೆಲ್ಲಾ ಊದಿದಾಗ ಕರುಳೂ ಊದಿ ಕೆಲಸವನ್ನು ನಿಲ್ಲಿಸುತ್ತದೆ. ಹೊಲಿಗೆಗಳು ಕೂಡುವುದು ತಡವಾಗುತ್ತದೆ. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ.

೨೦೦೩ರಲ್ಲಿ ಡೆನ್ಮಾರ್ಕಿನ ಬಿರ್ಗಿಟ್ಟೆ ಬ್ರಾಂಡ್‌ಸ್ಟ್ರುಪ್ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ ಕರುಳಿನ ಶಸ್ತ್ರಚಿಕಿತ್ಸೆಯಾದ ೧೭೨ ಮಂದಿಯಲ್ಲಿ ಪರೀಕ್ಷಿಸಿ, ಹಿಡಿತದಿಂದ ದ್ರವ ಕೊಟ್ಟವರಲ್ಲಿ ತೊಡಕುಗಳು ನೂರಕ್ಕೆ ೫೧ರಿಂದ ೩೩ಕ್ಕೆ ಇಳಿದುವೆಂದು ತೋರಿಸಿದರು. ಇದನ್ನು ಕೇಳಿ ಅನೇಕರು ಇನ್ನೊಂದು ಕೊನೆಗೆ ಹೋಗಿ, ರೋಗಿಗಳನ್ನು ಒಣಗಿಸತೊಡಗಿದರು. ೨೦೧೮ರಲ್ಲಿ ಸುಮಾರು ೩೦೦೦ ಮಂದಿ ದೊಡ್ಡ ಹೊಟ್ಟೆಯ ಶಸ್ತ್ರಚಿಕಿತ್ಸೆಯವರಲ್ಲಿ ನಡೆದ ಪರೀಕ್ಷೆಯು ಪ್ರಕಟವಾಯಿತು. ಮರುದಿನದವರೆಗೆ ಒಂದು ಗುಂಪಿನವರಿಗೆ ಸುಮಾರು ೩.೭ ಲೀಟರು, ಇನ್ನೊಂದು ಗುಂಪಿನವರಿಗೆ ೬.೧ ಲೀಟರು ಸಂದಿತ್ತು. ವರ್ಷದ ಬಳಿಕ ಅಂಗವೈಕಲ್ಯವಿಲ್ಲದೆ ಬದುಕಿದ್ದವರ ಸಂಖ್ಯೆ ಎರಡರಲ್ಲಿಯೂ ಸಮವಾಗಿತ್ತು. ಆದರೆ ಮೂತ್ರಪಿಂಡಕ್ಕೆ ಹಾನಿಯಾದವರು ಕಡಮೆ ಕೊಟ್ಟ ಗುಂಪಿನಲ್ಲಿ ನೂರಕ್ಕೆ ೮.೬, ಹೆಚ್ಚು ಕೊಟ್ಟ ಗುಂಪಿನಲ್ಲಿ ೫. ಹೀಗೆ ಅತಿವೃಷ್ಟಿಯೂ ಕೇಡು, ಅನಾವೃಷ್ಟಿಯೂ ಕೇಡು ಎಂಬುದು ಹೊಲಕ್ಕೆ ಹೇಗೋ ದೇಹಕ್ಕೂ ಹಾಗೆಯೇ ಎಂದು ಸಿದ್ಧವಾಯಿತು.

ಹಾಗಾದರೆ ಅಳತೆಯನ್ನು ಕಾಣುವುದು ಹೇಗೆ? ಅರಿವಳಿಕೆಯ ವೈದ್ಯರು ನಾಡಿ, ರಕ್ತದ ಒತ್ತಡ, ಮೂತ್ರ, ಸುರಿದ ರಕ್ತ ಇವುಗಳನ್ನು ಎಡೆಬಿಡದೆ ಗಮನಿಸುತ್ತಾರೆ. ಸಂದೇಹ ಬಂದಾಗ ೨೫೦ ಮಿಲಿಲೀಟರಿನಷ್ಟನ್ನು ಬೇಗನೆ ಕೊಟ್ಟು ಹೃದಯವು ಹೆಚ್ಚು ರಕ್ತವನ್ನು ತಳ್ಳುವುದೇ ಎಂದು ನೋಡುತ್ತಾರೆ. ತಳ್ಳಿದರೆ ಇನ್ನೂ ಬೇಕೆಂದು ಅರ್ಥ. ತಳ್ಳದಿದ್ದರೆ ಜಗಲಿ ತುಂಬಿದೆ, ಮುಂದೆ ಸುರಿದುದೆಲ್ಲವೂ ಊತವೇ ಆಗುವುದು. ರಕ್ತನಾಳಗಳು ಸಡಿಲವಾದುದರಿಂದ ಒತ್ತಡ ಇಳಿದಿದ್ದರೆ ನೀರಿನಿಂದ ಫಲವಿಲ್ಲ. ನಾಳವನ್ನು ಬಿಗಿಗೊಳಿಸುವ ಔಷಧವನ್ನು ಕೊಡಬೇಕು.

ಮನೆಯವರು ತಿಳಿದಿರತಕ್ಕದ್ದು

ಹಿಂದೆ ಮಧ್ಯರಾತ್ರಿಯಿಂದಲೇ ತೊಟ್ಟು ನೀರೂ ಇಲ್ಲದೆ ರೋಗಿಯನ್ನು ಉಪವಾಸವಿಡುವ ರೂಢಿಯಿತ್ತು. ಈಗಿನ ನಿಯಮದಂತೆ ಹೆಚ್ಚಿನವರು ಅರಿವಳಿಕೆಗೆ ಆರು ಗಂಟೆ ಮುಂಚಿನವರೆಗೆ ಹಗುರವಾದ ಆಹಾರವನ್ನೂ, ಎರಡು ಗಂಟೆ ಮುಂಚಿನವರೆಗೆ ತಿಳಿನೀರನ್ನೂ ತೆಗೆದುಕೊಳ್ಳಬಹುದು. ಹಾಲನ್ನು ಆಹಾರವೆಂದೇ ಎಣಿಸತಕ್ಕದ್ದು. ಕೆಲವು ರೋಗಗಳಲ್ಲಿ ಈ ನಿಯಮ ಬೇರೆಯಾದುದರಿಂದ ಡಾಕ್ಟರರನ್ನು ಮುಂಚಿತವಾಗಿ ಕೇಳಿ ಅವರು ಹೇಳಿದಂತೆ ನಡೆಯಬೇಕು. ಬಾಯಾರಿಕೆಯಿಂದ ಬಳಲದೆ ಬಂದ ರೋಗಿಗೆ ಬಾಟಲಿಯ ಅವಶ್ಯಕತೆಯೂ ಕಡಮೆ.

ಹೃದಯ, ಮೂತ್ರಪಿಂಡ, ಯಕೃತ್ತುಗಳ ರೋಗವಿದ್ದರೆ ಅದನ್ನೂ, ದಿನವೂ ನುಂಗುವ ಮಾತ್ರೆಗಳನ್ನೂ ಮರೆಮಾಡದೆ ತಿಳಿಸಬೇಕು. ದ್ರವವು ನಿಧಾನವಾಗಿ ಇಳಿಯುತ್ತಿದೆಯೆಂದು ಬೇಸರಪಟ್ಟು ನಳಿಕೆಯ ಚಕ್ರವನ್ನು ತಿರುಗಿಸುವುದು ಬಹಳ ಅಪಾಯಕರ. ಆ ವೇಗವು ಲೆಕ್ಕಹಾಕಿ ಇಟ್ಟಿರುವುದಾಗಿದೆ. ದಾದಿಯು ಮೂತ್ರವನ್ನು ಅಳೆಯುವ ಮುಂಚೆ ಅದನ್ನು ಚೆಲ್ಲಬಾರದು. ಎಷ್ಟು ಹೊರಗೆ ಹೋಯಿತೆಂಬುದು ತಿಳಿಯದಿದ್ದರೆ ಎಷ್ಟು ಒಳಗೆ ಕೊಡಬೇಕೆಂಬುದೂ ತಿಳಿಯದು. ಶಸ್ತ್ರಚಿಕಿತ್ಸೆಯ ಬಳಿಕ ತಲೆನೋವು, ವಾಕರಿಕೆ, ಮಂಕು, ಮಾತಿನಲ್ಲಿ ಗೊಂದಲ ಇವು ಕಂಡುಬಂದರೆ ಆಯಾಸವೆಂದು ಸುಮ್ಮನಿರದೆ ಕೂಡಲೆ ದಾದಿಗೆ ತಿಳಿಸಬೇಕು. ಸೋಡಿಯಂ ಇಳಿದಿರುವುದರ ಮೊದಲ ಗುರುತುಗಳು ಇವೇ ಆಗಿರಬಹುದು. ಬಾಯಿಂದ ಕುಡಿಯಲು ಅಪ್ಪಣೆಯಾದೊಡನೆ ಬಾಟಲಿಯನ್ನು ತೆಗೆದುಹಾಕಿದರೆ ಅದನ್ನು ಅಲಕ್ಷ್ಯವೆಂದು ತಿಳಿಯಬಾರದು. ಅದು ರೋಗಿಯು ಚೇತರಿಸಿಕೊಳ್ಳುತ್ತಿರುವುದರ ಒಳ್ಳೆಯ ಗುರುತು.

ನಮ್ಮ ದೇಹವನ್ನು ಅಳತೆಯಿಂದ ರಚಿಸಿದ ಸೃಷ್ಟಿಕರ್ತನು ಅದರಲ್ಲಿ ನೀರಿಗೂ ಉಪ್ಪಿಗೂ ಒಂದೊಂದು ಮಿತಿಯನ್ನು ಇಟ್ಟಿದ್ದಾನೆ. ಆ ಮಿತಿಯನ್ನು ಅರಿತು ನಡೆಯುವುದಕ್ಕೆ ವೈದ್ಯಶಾಸ್ತ್ರಕ್ಕೆ ಎರಡು ಶತಮಾನಗಳು ಹಿಡಿದುವು. ಆದುದರಿಂದ ಇನ್ನು ಮುಂದೆ ಆಸ್ಪತ್ರೆಯಲ್ಲಿರುವ ಬಂಧುವನ್ನು ನೋಡಲು ಹೋದಾಗ "ಎಷ್ಟು ಬಾಟಲಿ ಹಾಕಿದರು?" ಎಂದು ಕೇಳುವುದನ್ನು ಬಿಟ್ಟು, "ಎಷ್ಟು ಬೇಕಾಗಿತ್ತೋ ಅಷ್ಟೇ ಕೊಟ್ಟರಷ್ಟೆ?" ಎಂದು ಕೇಳೋಣ.